ಹೊಗೆಯಿಲ್ಲದ ಕೆಂಡದ ವಿಷ

ಬಾಗಲಕೋಟೆಯಿಂದ ಬಾದಾಮಿಗೆ ಹೋಗುವಾಗಲಾಗಲಿ, ಹುನಗುಂದದಿಂದ ಇಳಕಲ್ಲಿಗೆ ಹೆದ್ದಾರಿ ಹಿಡಿದು ಹೊರಟಾಗಲಾಗಲಿ, ಹಸಿದ ಪ್ರಯಾಣಿಕನಿಗೆ ಊಟದ ಚಿಂತೆಯಿಲ್ಲ. ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಖಾನಾವಳಿ ಇದ್ದೇ ಇರುತ್ತದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಾಟಿಗೆ ಬಂದು ಬೀಳುತ್ತವೆ. ಉಂಡವನು ರೊಟ್ಟಿಯ ರುಚಿಯನ್ನು ಹೊಗಳಿ, ಹಣ ಕೊಟ್ಟು, ತನ್ನ ದಾರಿ ಹಿಡಿಯುತ್ತಾನೆ. ಆ ರೊಟ್ಟಿ ಬೆಂದು ಬಂದ ಕೋಣೆಯನ್ನು ಇಣಿಕಿ ನೋಡಿದವರು ಎಷ್ಟು ಮಂದಿ? ಒಂದು ಬಾಗಿಲು, ಗೋಡೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಕಿಟಕಿ, ಮಸಿ ಹಿಡಿದ ಛಾವಣಿ, ಮೂರು ನಾಲ್ಕು ಒಲೆ, ಅವುಗಳ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಕುಳಿತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು, ನಿಂತು ಪಲ್ಯ ತಿರುವುವ ಅಡಿಗೆಯವನು. ಈ ಲೇಖನವು ಆ ಕೋಣೆಯ ಗಾಳಿಯನ್ನು ಕುರಿತದ್ದು.

ಅಡಿಗೆಯ ಮನೆಯ ಗಾಳಿ ಕೆಟ್ಟದ್ದೆಂದರೆ ನಮ್ಮ ಜನರಿಗೆ ಥಟ್ಟನೆ ನೆನಪಾಗುವುದು ಹೊಗೆ. ಹೊಗೆ ಕಣ್ಣಿಗೆ ಕಾಣುತ್ತದೆ, ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ. ಆದುದರಿಂದ ಹೊಗೆ ಹೋದರೆ ಅಪಾಯವೂ ಹೋಯಿತೆಂದು ಭಾವಿಸುವುದು ಸಹಜ. ಜಾಲಿಯ ಕಟ್ಟಿಗೆಯೋ ತೊಗರಿಯ ಕಟ್ಟಿಗೆಯೋ ಹೊತ್ತಿ ಉರಿದು, ಹೊಗೆಯಾರಿ, ನಿಗಿನಿಗಿ ಕೆಂಡವಾದಾಗ ಅಡಿಗೆಯವರಿಗೆ ಸಮಾಧಾನ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಆನಿಸಿದಾಗಲೇ ಅದು ಉಬ್ಬಿ ಹದಕ್ಕೆ ಬರುವುದು. ‘ಕೆಂಡ ಚಲೋ ಬಿದ್ದಾವ’ ಎಂಬುದು ಆ ಕಸುಬಿನಲ್ಲಿ ಸಂತೋಷದ ಮಾತು. ಹೊಗೆಯಿಂದ ಶ್ವಾಸಕೋಶಕ್ಕೆ ಆಗುವ ಹಾನಿ ಸಣ್ಣದಲ್ಲ. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಹೊಗೆಯು ಕೂಗಿ ಹೇಳಿ ಬರುವ ಶತ್ರು. ಹೊಗೆಯಾರಿದ ಮೇಲೆ, ಯಾರೂ ಬಾಗಿಲಿನತ್ತ ಓಡದಿರುವ ಹೊತ್ತಿನಲ್ಲಿ, ಆ ಕೆಂಪು ಕೆಂಡದಿಂದಲೇ ಏಳುವ ಇನ್ನೊಂದು ವಸ್ತುವುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದೇ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ.

ಇದು ಹುಟ್ಟುವ ಬಗೆಯನ್ನು ವಿದ್ಯಾರ್ಥಿಗಳು ತಮ್ಮ ರಸಾಯನಶಾಸ್ತ್ರದ ಪಾಠದಲ್ಲಿ ಓದಿರುತ್ತಾರೆ. ಒಲೆಯ ಮುಂದೆ ನಿಂತು ಅದನ್ನು ನೋಡಿರಲಿಕ್ಕಿಲ್ಲ. ಇದ್ದಿಲು ಎಂದರೆ ಬಹುಮಟ್ಟಿಗೆ ಇಂಗಾಲವೇ. ಕೆಂಡದ ರಾಶಿಯ ಕೆಳಗಿನಿಂದ ಗಾಳಿ ನುಗ್ಗಿದಾಗ ಅಲ್ಲಿ ಇಂಗಾಲದ ಒಂದು ಪರಮಾಣು ಆಮ್ಲಜನಕದ ಎರಡು ಪರಮಾಣುಗಳೊಡನೆ ಕೂಡಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಈ ಅನಿಲ ಮೇಲೇರುತ್ತ ರಾಶಿಯ ನಡುವಣ ಕೆಂಪಗೆ ಕಾದ ಕೆಂಡಗಳ ಮೂಲಕ ಹಾಯಬೇಕು. ಅಲ್ಲಿ ಆಮ್ಲಜನಕ ಮುಗಿದಿರುತ್ತದೆ, ಬಿಸಿ ಇಂಗಾಲ ಯಥೇಚ್ಛವಾಗಿರುತ್ತದೆ. ಹಸಿದ ಇಂಗಾಲವು ಡೈಆಕ್ಸೈಡಿನಿಂದ ಒಂದು ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಒಂದು ಅಣು ಡೈಆಕ್ಸೈಡ್ ಹೋಗಿ ಎರಡು ಅಣು ಮಾನಾಕ್ಸೈಡ್ ಆಗುತ್ತವೆ. ರಾಶಿಯ ನೆತ್ತಿಗೆ ಬಂದ ಈ ಅನಿಲಕ್ಕೆ ಅಲ್ಲಿ ಸಾಕಷ್ಟು ಬಿಸಿಯೂ ಹೊಸ ಗಾಳಿಯೂ ಸಿಕ್ಕರೆ ಅದು ಮತ್ತೆ ಉರಿದು ಡೈಆಕ್ಸೈಡ್ ಆಗುತ್ತದೆ. ತುಂಬಿದ ಕೆಂಡದ ಮೇಲೆ ಕತ್ತಲಲ್ಲಿ ಕುಣಿದಾಡುವ ನಸುನೀಲಿ ಜ್ವಾಲೆಗಳನ್ನು ಕಂಡಿದ್ದೀರಷ್ಟೆ? ಅವು ಉರಿಯುತ್ತಿರುವ ಕಾರ್ಬನ್ ಮಾನಾಕ್ಸೈಡಿನ ನಾಲಗೆಗಳು. ಆ ನೀಲಿ ಜ್ವಾಲೆ ಕಾಣುವವರೆಗೆ ವಿಷದ ಒಂದು ಪಾಲಾದರೂ ಸುಟ್ಟುಹೋಗುತ್ತಿದೆ ಎಂದು ತಿಳಿಯಬಹುದು. ಕೆಂಡದ ಮೇಲೆ ತಣ್ಣನೆಯ ದೊಡ್ಡ ಬೋಗುಣಿಯನ್ನಿಟ್ಟಾಗ, ಅಥವಾ ರಾತ್ರಿ ಕೆಲಸ ಮುಗಿಸಿ ಬೂದಿ ಮುಚ್ಚಿದಾಗ, ನೀಲಿ ಜ್ವಾಲೆ ಆರುತ್ತದೆ. ಅನಿಲ ಹುಟ್ಟುವುದು ಮಾತ್ರ ನಿಲ್ಲುವುದಿಲ್ಲ. ‘ಬೂದಿ ಮುಚ್ಚಿದ ಕೆಂಡ’ ಎಂಬ ನಮ್ಮ ನುಡಿಗಟ್ಟನ್ನು ಕಟ್ಟಿದವರು ರಸಾಯನಶಾಸ್ತ್ರ ಓದಿದವರಲ್ಲ. ಆದರೂ ಅದು ರಸಾಯನಶಾಸ್ತ್ರಕ್ಕೆ ಅಕ್ಷರಶಃ ಒಪ್ಪುತ್ತದೆ.

ದೇಹದೊಳಗೆ ಈ ಅನಿಲ ಮಾಡುವ ಕೆಲಸವನ್ನು 1857ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋದ್ ಬೆರ್ನಾರ್ ವಿವರಿಸಿದನು. ನಮ್ಮ ರಕ್ತದ ಕೆಂಪು ಕಣಗಳಲ್ಲಿರುವ ಹೀಮೋಗ್ಲೋಬಿನ್ ಎಂಬ ವಸ್ತುವು ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯ ಮೂಲೆಮೂಲೆಗೆ ಮುಟ್ಟಿಸುವ ಹಮಾಲ. ಆಮ್ಲಜನಕಕ್ಕೆ ಮೀಸಲಾದ ಸ್ಥಳದಲ್ಲಿ ಕಾರ್ಬನ್ ಮಾನಾಕ್ಸೈಡ್ ಬಂದು ಕುಳಿತುಬಿಡುತ್ತದೆ. ಅದೂ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾದ ಆಸಕ್ತಿಯಿಂದ. ಹೀಗಾಗಿ ಕೋಣೆಯ ಗಾಳಿಯಲ್ಲಿ ಅದು ಅತ್ಯಲ್ಪವಾಗಿದ್ದರೂ ಗಂಟೆ ಗಂಟೆಗೆ ರಕ್ತದಲ್ಲಿ ಕೂಡುತ್ತ ಹೋಗುತ್ತದೆ. ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿಯು 1895ರಲ್ಲಿ ಈ ಅನಿಲವನ್ನು ತಾನೇ ಸೇವಿಸಿ, ತನ್ನ ರಕ್ತವನ್ನು ಪರೀಕ್ಷಿಸಿಕೊಳ್ಳುತ್ತ, ತಲೆ ಯಾವಾಗ ಭಾರವಾಯಿತು, ಕಾಲು ಯಾವಾಗ ತಡವರಿಸಿತು ಎಂಬುದನ್ನು ಬರೆದಿಟ್ಟನು. ಗಣಿಗಳಲ್ಲಿ ಸಣ್ಣ ಪ್ರಾಣಿಗಳನ್ನು ಇಟ್ಟುಕೊಳ್ಳಬೇಕೆಂದು ಸಲಹೆ ಮಾಡಿದವನೂ ಅವನೇ. ಮೈ ಸಣ್ಣದಾಗಿ ಉಸಿರಾಟ ತೀವ್ರವಾಗಿರುವ ಕ್ಯಾನರಿ ಹಕ್ಕಿ ಮನುಷ್ಯನಿಗಿಂತ ಮೊದಲೇ ಕೆಳಗುರುಳಿ ಎಚ್ಚರಿಕೆ ಕೊಡುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗೆ ನಿವೃತ್ತಿ ದೊರೆತದ್ದು 1986ರಲ್ಲಿ. ನಮ್ಮ ಖಾನಾವಳಿಯ ಅಡಿಗೆಮನೆಯಲ್ಲಿ ಹಕ್ಕಿಯೂ ಇಲ್ಲ, ಹಕ್ಕಿಯ ಬದಲಿಗೆ ಬಂದ ಯಂತ್ರವೂ ಇಲ್ಲ.

ಎಷ್ಟಿದ್ದರೆ ಅಪಾಯ? ಹತ್ತು ಲಕ್ಷ ಭಾಗ ಗಾಳಿಯಲ್ಲಿ 200 ಭಾಗ ಈ ಅನಿಲವಿದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು, ಆಯಾಸ ತೋರುತ್ತವೆ. 800 ಭಾಗವಿದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆ ತಿರುಗಿ ವಾಂತಿಯಾಗುತ್ತದೆ, ಎರಡು ಮೂರು ಗಂಟೆಗಳಲ್ಲಿ ಪ್ರಾಣ ಹೋಗಬಹುದು. 1,600 ಭಾಗವಿದ್ದರೆ ಒಂದು ಗಂಟೆ ಸಾಕು. ದಿನಕ್ಕೆ ಎಂಟು ಗಂಟೆ ದುಡಿಯುವವನಿಗೆ ಅಮೆರಿಕದ ಕಾನೂನು ಹಾಕಿದ ಸರಾಸರಿ ಮಿತಿ 50 ಭಾಗ. ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ 35 ಭಾಗ. ವಿಶ್ವ ಆರೋಗ್ಯ ಸಂಸ್ಥೆಯು ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಗೆ 2021ರಲ್ಲಿ ಹೇಳಿದ ಅಳತೆ ಇನ್ನೂ ಕಠಿಣವಾದದ್ದು: ಘನ ಮೀಟರಿಗೆ 4 ಮಿಲಿಗ್ರಾಂ, ಅಂದರೆ ಹತ್ತು ಲಕ್ಷಕ್ಕೆ ಮೂರೂವರೆ ಭಾಗ. ಖಾನಾವಳಿಯ ದಿನ ಎಂಟು ಗಂಟೆಗೆ ಮುಗಿಯುವುದಿಲ್ಲವೆಂಬುದನ್ನೂ, ಮೈ ಬಗ್ಗಿಸಿ ದುಡಿಯುವವರು ಕುಳಿತವರಿಗಿಂತ ಹೆಚ್ಚು ಗಾಳಿ ಸೇದುತ್ತಾರೆಂಬುದನ್ನೂ ಇದರೊಡನೆ ಸೇರಿಸಿಕೊಳ್ಳಬೇಕು.

ಸತ್ತವರ ಸುದ್ದಿಯಾದರೂ ಪತ್ರಿಕೆಗೆ ಬರುತ್ತದೆ. ಸಾಯದೆ ದಿನದಿನವೂ ಅರೆವಿಷ ಕುಡಿಯುವವರ ಸುದ್ದಿ ಎಲ್ಲಿಯೂ ಬರುವುದಿಲ್ಲ, ಏಕೆಂದರೆ ಅವರ ಬೇನೆಗೆ ಬೇರೆ ಹೆಸರುಗಳು ಸಿದ್ಧವಾಗಿವೆ. ಮಧ್ಯಾಹ್ನದ ಗಿರಾಕಿಗಳ ನೂಕುನುಗ್ಗಲು ಮುಗಿದ ಹೊತ್ತಿಗೆ ‘ಸಾವ್ಕಾರ್ರ, ತಲಿ ಭಾಳ ನೋಯಾಕತ್ತೈತ್ರಿ’ ಎಂದು ರೊಟ್ಟಿ ಬಡಿಯುವಾಕೆ ಹೇಳಿದರೆ, ‘ಪಿತ್ತ ಆಗಿರಬೇಕು, ಒಂದೀಟು ಲಿಂಬಿಹುಳಿ ಕುಡಿಯವಾ’ ಎಂಬ ಉತ್ತರ ಬರುತ್ತದೆ. ಸಾವುಕಾರ ನಿರ್ದಯಿಯಲ್ಲ, ಅವನಿಗೂ ಅದೇ ತಲೆನೋವು ಇರುತ್ತದೆ. ಮೇ ತಿಂಗಳ ಬಿಸಿಲು, ಒಲೆಯ ಧಗೆ, ತಪ್ಪಿದ ಊಟ, ಕಡಿಮೆ ನಿದ್ದೆ ಎಲ್ಲವೂ ತಲೆನೋವಿಗೆ ಕಾರಣವಾಗಬಲ್ಲವು. ಹಾಗಾದರೆ ಬೇರ್ಪಡಿಸಿ ತಿಳಿಯುವುದು ಹೇಗೆ? ಒಂದು ಸರಳ ಲಕ್ಷಣವುಂಟು: ಒಂದೇ ಕೋಣೆಯಲ್ಲಿದ್ದ ಹಲವರಿಗೆ ಒಂದೇ ಹೊತ್ತಿಗೆ ತಲೆನೋವು, ಓಕರಿಕೆ ಬಂದು, ಹೊರಗೆ ಹೋಗಿ ಬಂದರೆ ಇಳಿದು, ರಜೆಯ ದಿನ ಕಾಣಿಸಿಕೊಳ್ಳದಿದ್ದರೆ ಅದು ಪಿತ್ತವಲ್ಲ. ಪಿತ್ತವು ಎಲ್ಲರಿಗೂ ಕೂಡಿ ಬರುವುದಿಲ್ಲ.

ಬಸುರಿ ಹೆಂಗಸು ಒಲೆಯ ಮುಂದೆ ಕುಳಿತಿದ್ದರೆ ಸಂಗತಿ ಇನ್ನಷ್ಟು ಗಂಭೀರ. ತಾಯಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣ ಹೊಟ್ಟೆಯಲ್ಲಿರುವ ಶಿಶುವಿನ ರಕ್ತದಲ್ಲಿ ಸೇರುತ್ತದೆ, ಅಲ್ಲಿಂದ ತೊಲಗುವುದೂ ತಡ. ಹೃದಯದ ಬೇನೆಯಿರುವವರಿಗೆ ಸ್ವಲ್ಪ ಪ್ರಮಾಣವೂ ಎದೆನೋವನ್ನು ಬೇಗ ತರುತ್ತದೆ. ಬೀಡಿ ಸೇದುವವನ ರಕ್ತದಲ್ಲಿ ಈ ಅನಿಲ ಮೊದಲೇ ಮನೆಮಾಡಿರುತ್ತದೆ. ಒಲೆ ಅದಕ್ಕೆ ಬಡ್ಡಿ ಸೇರಿಸುತ್ತದೆ.

ನಮ್ಮ ಹಿರಿಯರ ಮನೆಗಳಲ್ಲಿಯೂ ಕಟ್ಟಿಗೆಯ ಒಲೆಗಳಿದ್ದವಲ್ಲ, ಅವರಿಗೇಕೆ ಏನೂ ಆಗಲಿಲ್ಲ ಎಂದು ಕೇಳುವವರಿದ್ದಾರೆ. ಏನೂ ಆಗಲಿಲ್ಲವೆಂದು ಯಾರು ಅಳೆದು ನೋಡಿದ್ದರು? ಆದರೂ ಪ್ರಶ್ನೆಯಲ್ಲಿ ಒಂದು ತಿರುಳಿದೆ. ಈ ಭಾಗದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಅಡಿಗೆಯ ಸ್ಥಳದ ನೆತ್ತಿಯ ಮೇಲೆ ಒಂದು ಬೆಳಕಿಂಡಿ ಇರುತ್ತಿತ್ತು. ಬಿಸಿಗಾಳಿ ಮೇಲೇರಿ ಅದರಿಂದ ಹೊರಬೀಳುತ್ತಿತ್ತು, ಬಾಗಿಲಿನಿಂದ ಹೊಸ ಗಾಳಿ ಒಳಬರುತ್ತಿತ್ತು. ಒಲೆಗಳ ಸಂಖ್ಯೆ ಒಂದೋ ಎರಡೋ. ಉರಿಯುತ್ತಿದ್ದುದು ಹೊತ್ತಿಗೆ ಎರಡು ಗಂಟೆ. ಇಂದಿನ ಖಾನಾವಳಿ ಕಾಂಕ್ರೀಟಿನ ಛಾವಣಿಯ ಮಳಿಗೆಯಲ್ಲಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ ನವನಗರ ಎದ್ದಾಗ ನಮ್ಮ ಜನ ಮಾಳಿಗೆ ಬಿಟ್ಟು ಕಾಂಕ್ರೀಟಿಗೆ ಬಂದರು. ಉಳಿದ ಊರುಗಳು ಮುಳುಗದೆಯೇ ಬಂದವು. ಮನೆ ಗಟ್ಟಿಯಾಯಿತು, ಬೆಳಕಿಂಡಿ ಹೋಯಿತು. ಮೂರು ಪಕ್ಕ ಗೋಡೆ, ಮುಂದೆ ಶಟರ್ ಇರುವ ಅಂಗಡಿಯ ಹಿಂಭಾಗವನ್ನು ಅಡ್ಡಗೋಡೆ ಹಾಕಿ ಅಡಿಗೆಮನೆ ಮಾಡಿದರೆ ಗಾಳಿಗೆ ದಾರಿಯೆಲ್ಲಿ? ಗೋಡೆಗೊಂದು ಬೀಸಣಿಗೆ ಹಾಕಿದ್ದೇವೆಂದು ಮಾಲಿಕರು ತೋರಿಸುತ್ತಾರೆ. ಗಾಳಿಯನ್ನು ಹೊರಗೆ ತಳ್ಳುವ ಬೀಸಣಿಗೆಗೆ ಗಾಳಿ ಒಳಗೆ ಬರುವ ಕಿಂಡಿಯೂ ಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೀಸಣಿಗೆ ತಿರುಗಿದರೆ ಅದು ಎಲ್ಲಿಂದಾದರೂ ಗಾಳಿಯನ್ನು ಎಳೆದೇ ಎಳೆಯುತ್ತದೆ. ಒಲೆಗೆ ಹೊಗೆಕೊಳವೆಯಿದ್ದರೆ ಅದರ ಮೂಲಕವೇ ಕೆಳಮುಖವಾಗಿ ಎಳೆದು, ಹೊರಗೆ ಹೋಗಬೇಕಾದ ಅನಿಲವನ್ನು ಒಳಕ್ಕೆ ತರುತ್ತದೆ. ಕಿಂಡಿಯಿಲ್ಲದ ಬೀಸಣಿಗೆಯ ಮೇಲಿನ ಭರವಸೆ ಬೀಸಣಿಗೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದೆಂದು ನಾವು ಹೇಳುತ್ತೇವೆ.

ಕಟ್ಟಿಗೆ ಬಿಟ್ಟು ಸಿಲಿಂಡರ್ ಅನಿಲಕ್ಕೆ ಬಂದವರು ಈ ಕಥೆ ತಮ್ಮದಲ್ಲವೆಂದು ಭಾವಿಸಬಾರದು. ಸಿಲಿಂಡರಿನ ಅನಿಲ ಕಟ್ಟಿಗೆಗಿಂತ ಎಷ್ಟೋ ಪಾಲು ಶುದ್ಧವಾಗಿ ಉರಿಯುತ್ತದೆ, ನಿಜ. ಆದರೆ ಹೊಟ್ಟೆ ತುಂಬ ಗಾಳಿ ಸಿಕ್ಕಾಗ ಮಾತ್ರ. ಒಂದು ಕಿಲೋಗ್ರಾಂ ಅನಿಲ ಪೂರ್ಣವಾಗಿ ಉರಿಯಲು ಸುಮಾರು 12 ಘನ ಮೀಟರಿಗೂ ಮಿಕ್ಕಿ ಗಾಳಿ ಬೇಕು. ಹೋಟೆಲುಗಳಲ್ಲಿ ಬಳಸುವ 19 ಕಿಲೋಗ್ರಾಂ ಸಿಲಿಂಡರಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಿ ನೋಡಲಿ: ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಷ್ಟು ಗಾಳಿಯನ್ನು ಅದು ಆರು ಸಲಕ್ಕೂ ಹೆಚ್ಚು ಬರಿದು ಮಾಡುತ್ತದೆ. ಗಾಳಿ ಸಾಲದೆ ಹೋದರೆ, ಬರ್ನರಿನ ತೂತುಗಳಲ್ಲಿ ಎಣ್ಣೆ ಜಿಡ್ಡು ಕಟ್ಟಿದ್ದರೆ, ಅಥವಾ ಒಲೆಗಿಂತ ಅಗಲವಾದ ಕಡಾಯಿಯನ್ನು ಜ್ವಾಲೆಗೆ ತೀರ ಹತ್ತಿರವಿಟ್ಟರೆ, ನೀಲಿ ಜ್ವಾಲೆ ಹಳದಿಗೆ ತಿರುಗಿ, ಕಡಾಯಿಯ ತಳಕ್ಕೆ ಮಸಿ ಹತ್ತುತ್ತದೆ. ಮಸಿ ಕಂಡಲ್ಲಿ ಮಾನಾಕ್ಸೈಡ್ ಇರುವ ಸಂಭವ ಹೆಚ್ಚು. ಇಲ್ಲೊಂದು ತಪ್ಪು ತಿಳುವಳಿಕೆಯನ್ನೂ ತಿದ್ದಬೇಕು. ಸಿಲಿಂಡರಿನ ಅನಿಲ ಸೋರಿದರೆ ಗೊತ್ತಾಗಲೆಂದು ಅದಕ್ಕೆ ದುರ್ಗಂಧದ ದ್ರವ್ಯವನ್ನು ಬೆರೆಸಿರುತ್ತಾರೆ. ಆ ದುರ್ಗಂಧ ಉರಿಯಲ್ಲಿ ಸುಟ್ಟುಹೋಗುತ್ತದೆ. ಉರಿದ ಮೇಲೆ ಹುಟ್ಟುವ ಮಾನಾಕ್ಸೈಡಿಗೆ ಅದು ಅಂಟುವುದಿಲ್ಲ. ಅನಿಲದ ಸೋರಿಕೆಯನ್ನು ತೋರಿಸುವ ಯಂತ್ರ ಮಾನಾಕ್ಸೈಡನ್ನು ತೋರಿಸುವುದಿಲ್ಲ. ಎರಡೂ ಬೇರೆ ಬೇರೆ ಯಂತ್ರಗಳು.

2014ರ ಫೆಬ್ರುವರಿಯಲ್ಲಿ ಅಮೆರಿಕದ ಲಾಂಗ್ ಐಲೆಂಡಿನ ಹಂಟಿಂಗ್ಟನ್ ಸ್ಟೇಷನ್ ಎಂಬಲ್ಲಿ ಒಂದು ಉಪಾಹಾರಗೃಹದ ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಯಂತ್ರದ ಹೊಗೆಕೊಳವೆ ಕೆಟ್ಟು ಈ ಅನಿಲ ಸೋರಿತು. ವ್ಯವಸ್ಥಾಪಕನು ಮೃತನಾದನು, ಎರಡು ಡಜನಿಗೂ ಹೆಚ್ಚು ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಕಟ್ಟಿಗೆಯೂ ಇಲ್ಲ, ಕಣ್ಣಿಗೆ ಕಾಣುವ ಹೊಗೆಯೂ ಇಲ್ಲದ ಕಟ್ಟಡವದು. ಮರುವರ್ಷ ನ್ಯೂಯಾರ್ಕ್ ಸಂಸ್ಥಾನವು ಉಪಾಹಾರಗೃಹಗಳಲ್ಲಿ ಈ ಅನಿಲವನ್ನು ಪತ್ತೆಹಚ್ಚುವ ಯಂತ್ರವನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಇದ್ದಿಲಿನ ಒಲೆಗಳಿರುವ ಹೋಟೆಲುಗಳಿಗಾಗಿಯೇ, ನಮ್ಮ ತಂದೂರಿ ಒಲೆಯ ಹೆಸರನ್ನೂ ಹೇಳಿ, ಪ್ರತ್ಯೇಕ ಸೂಚನೆಗಳನ್ನು ಪ್ರಕಟಿಸಿದೆ. ತಂದೂರಿ ಒಲೆ ಹೋದ ದೇಶದಲ್ಲಿ ಅದರ ವಿಷದ ಚಿಂತೆ ನಡೆದಿದೆ. ಅದು ಬಂದ ದೇಶದಲ್ಲಿ, ಹುನಗುಂದ ಇಳಕಲ್ಲುಗಳ ನಡುವಿನ ಹೆದ್ದಾರಿಯ ಧಾಬಾದಲ್ಲಿ, ಚಿಂತೆ ಇನ್ನೂ ಪ್ರಾರಂಭವಾಗಬೇಕು.

ಇವೆಲ್ಲಕ್ಕಿಂತ ನಮ್ಮನ್ನು ಕಾಡುವುದು ರಾತ್ರಿಯ ಪ್ರಶ್ನೆ. ಖಾನಾವಳಿಯಲ್ಲಿ ದುಡಿಯುವ ಹುಡುಗರಲ್ಲಿ ಎಷ್ಟೋ ಜನ ದೂರದ ಹಳ್ಳಿಗಳಿಂದ ಬಂದವರು. ಅವರಿಗೆ ಬೇರೆ ಕೋಣೆಯಿರುವುದಿಲ್ಲ. ಕೊನೆಯ ಗಿರಾಕಿ ಹೋದ ಮೇಲೆ ಮೇಜುಗಳನ್ನು ಸರಿಸಿ, ಶಟರ್ ಎಳೆದು, ಅಲ್ಲಿಯೇ ಮಲಗುತ್ತಾರೆ. ಮಾರ್ಗಶಿರ ಪುಷ್ಯದ ಚಳಿಯಲ್ಲಿ ಒಲೆಯ ಬೆಚ್ಚನೆಯ ಪಕ್ಕ ಎಲ್ಲರಿಗೂ ಬೇಕು. ಬೂದಿಯ ಕೆಳಗೆ ಕೆಂಡ ಬೆಳಗಿನವರೆಗೆ ಜೀವ ಹಿಡಿದಿರುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿಕೊಂಡು ಮಲಗಿದ ಮೂವರು ತರುಣರು ಬೆಳಗಾಗುವುದರೊಳಗೆ ಪ್ರಾಣ ಬಿಟ್ಟಿದ್ದರು. ಅವರ ಕೋಣೆಗೂ ಶಟರ್ ಎಳೆದ ಖಾನಾವಳಿಗೂ ವಿಜ್ಞಾನದ ದೃಷ್ಟಿಯಿಂದ ಯಾವ ಭೇದವೂ ಇಲ್ಲ. ಬನದ ಹುಣ್ಣಿಮೆಗೆ ಮೊದಲಾಗಿ ಸುಮಾರು ಒಂದು ತಿಂಗಳು ನಡೆಯುವ ಬಾದಾಮಿಯ ಬನಶಂಕರಿಯ ಜಾತ್ರೆಯಂತಹ ಕಡೆಗಳಲ್ಲಿ ತಗಡಿನ, ತಾಡಪತ್ರಿಯ ಡೇರೆಗಳೊಳಗೆ ಹೋಟೆಲುಗಳು ಏಳುತ್ತವೆ. ಗಾಳಿ ಬಾರದಂತೆ ಅಂಚುಗಳನ್ನು ಬಿಗಿದು, ಒಲೆಯ ಬದಿಯಲ್ಲಿ ಮಲಗುವುದು ಅಲ್ಲಿ ಬಲು ಸುಲಭ. ನಿದ್ದೆಯಲ್ಲಿದ್ದವನಿಗೆ ತಲೆನೋವು ಕೂಡ ಎಚ್ಚರಿಕೆ ಕೊಡಲಾರದು.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆಗಳ ಕಾಯಿದೆಯು ಕಾರ್ಖಾನೆಯೆಂಬ ಪದವನ್ನು ವಿವರಿಸುವಾಗ ಹೋಟೆಲು, ಉಪಾಹಾರಗೃಹ, ಊಟದ ಸ್ಥಳಗಳನ್ನು ಹೆಸರಿಸಿ ಹೊರಗಿಟ್ಟಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಕಾರ್ಖಾನೆಯ ವಿವರಣೆಯಲ್ಲಿ ಅದೇ ಹೊರಗಿಡುವಿಕೆಯನ್ನು ಉಳಿಸಿಕೊಂಡಿದೆ. ಸಾಮಾನ್ಯವಾಗಿ ಅದು ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸ್ಥಳಗಳಿಗೆ. ನಮ್ಮ ಖಾನಾವಳಿಗಳಲ್ಲಿ ಎಷ್ಟೋ ಕಡೆ ಐದಾರು ಮಂದಿಯೇ ಇರುತ್ತಾರೆ. ಈ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ಗೂಡಿನಿಂದ ಹೊರಡುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆಯೆಂದು ಅಳೆಯುತ್ತಿರುವುದು ಆ ಉದ್ಯಮದ ರೂಢಿ, ಏಕೆಂದರೆ ಅದು ಹೆಚ್ಚಿದರೆ ಇಂಧನ ವ್ಯರ್ಥವಾಗುತ್ತದೆ, ಸ್ಫೋಟದ ಭಯವೂ ಉಂಟು. ಗೂಡಿನ ಉಸಿರನ್ನು ಅಳೆಯುವ ನಾಡಿನಲ್ಲಿ ಮನುಷ್ಯನು ಸೇದುವ ಉಸಿರನ್ನು ಅಳೆಯದಿರುವುದು ನ್ಯಾಯವೆನಿಸುವುದಿಲ್ಲ.

ದಿಲ್ಲಿಯ ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಖಾನಾವಳಿ ನಡೆಸಲು ಪರವಾನಗಿ ಕೊಡುವುದು ಊರಿನ ಪುರಸಭೆ, ನಗರಸಭೆಗಳೇ. ಪರವಾನಗಿಯನ್ನು ಕೊಡುವಾಗ ಮೂರು ಸಂಗತಿಗಳನ್ನು ಕೇಳಿದರೆ ಸಾಕು: ಒಲೆಯ ಮೇಲೆ ಛಾವಣಿಯಾಚೆಗೆ ಹೋಗುವ ಹೊಗೆಕೊಳವೆಯಿದೆಯೆ, ಬೀಸಣಿಗೆಗೆ ಎದುರಾಗಿ ಗಾಳಿ ಒಳಬರುವ ಕಿಂಡಿಯಿದೆಯೆ, ಮಾನಾಕ್ಸೈಡ್ ಪತ್ತೆಯ ಯಂತ್ರವಿದೆಯೆ. ಇವುಗಳೊಡನೆ, ಒಲೆಯಿರುವ ಕೋಣೆಯಲ್ಲಿ ಯಾರೂ ಮಲಗತಕ್ಕದ್ದಲ್ಲವೆಂಬ ನಿಬಂಧನೆಯನ್ನೂ ಹಾಕಬೇಕು. ಇಷ್ಟೆಲ್ಲ ಸಣ್ಣ ಖಾನಾವಳಿಗೆ ಭಾರವೆಂದು ಮಾಲಿಕರು ಹೇಳಬಹುದು. ಅವರ ಲಾಭದ ಅಂಚು ತೆಳುವಾದದ್ದೆಂಬುದು ಸತ್ಯ. ಕೊಳವೆಗೆ ತಕ್ಕಮಟ್ಟಿನ ಖರ್ಚುಂಟು. ಅದಕ್ಕೆ ಸರಕಾರ ಕೈಜೋಡಿಸಲಿ. ಗೋಡೆಯಲ್ಲಿ ಕಿಂಡಿ ಕೊರೆಯಲು ಗೌಂಡಿಗೆ ಅರ್ಧ ದಿನ ಸಾಕು. ಯಂತ್ರವು ಕೆಲವು ಸಾವಿರ ರೂಪಾಯಿಗಳೊಳಗೆ ದೊರೆಯುತ್ತದೆ. ಗಲ್ಲೆಯ ಮೇಲೆ ಇಟ್ಟಿರುವ ಟೆಲಿವಿಷನ್ನಿಗಿಂತ ಅದು ಅಗ್ಗ.

ಯಂತ್ರವನ್ನು ಒಲೆಯ ನೆತ್ತಿಯ ಮೇಲೆ ತೂಗುಹಾಕಬಾರದು. ಅಲ್ಲಿ ಹಬೆ, ಜಿಡ್ಡು ಅದನ್ನು ಕೆಡಿಸುತ್ತವೆ. ಕಾರ್ಬನ್ ಮಾನಾಕ್ಸೈಡ್ ಗಾಳಿಗಿಂತ ತುಸುವೇ ಹಗುರ, ಕೋಣೆಯ ತುಂಬ ಬೆರೆತಿರುತ್ತದೆ. ಆದಕಾರಣ ಒಲೆಯಿಂದ ಎರಡು ಮೂರು ಮೀಟರ್ ದೂರದಲ್ಲಿ, ದುಡಿಯುವವರ ಮೂಗಿನ ಎತ್ತರದಲ್ಲಿರಲಿ. ಅದರೊಳಗಿನ ಸಂವೇದಕಕ್ಕೆ ಆಯುಷ್ಯವುಂಟು, ತಯಾರಕರು ಬರೆದ ವರ್ಷ ಮುಗಿದ ಮೇಲೆ ಬದಲಾಯಿಸಬೇಕು. ಅದು ಕೂಗಿದಾಗ ಮೊದಲು ಎಲ್ಲರೂ ಹೊರಗೆ ಬರಬೇಕು. ಯಾರಾದರೂ ಒಲೆಯ ಬಳಿ ಕುಸಿದುಬಿದ್ದಿದ್ದರೆ ಬಾಗಿಲು ಕಿಟಕಿ ತೆರೆದು, ತಡಮಾಡದೆ ಎಳೆದು ತಂದು, 108ಕ್ಕೆ ಕರೆ ಮಾಡಬೇಕು. ಬರಿಯ ಹೊರಗಾಳಿಯಲ್ಲಿ ರಕ್ತದ ಅರ್ಧ ವಿಷ ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೋವಿಡ್ಡಿನ ಕಾಲದಿಂದ ಎಲ್ಲರೂ ಬಲ್ಲರು. ಈ ರೋಗಿಯ ವಿಷಯದಲ್ಲಿ ಅದನ್ನು ನಂಬಬಾರದು. ಮಾನಾಕ್ಸೈಡ್ ಹಿಡಿದ ಹೀಮೋಗ್ಲೋಬಿನ್ನೂ ಕೆಂಪಗೇ ಇರುವುದರಿಂದ, ಸಾಯುತ್ತಿರುವವನ ಬೆರಳಲ್ಲಿಯೂ ಆ ಯಂತ್ರ 98 ಎಂದು ತೋರಿಸಬಲ್ಲದು. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು, ಈತ ಮುಚ್ಚಿದ ಕೋಣೆಯಲ್ಲಿ ಒಲೆಯ ಮುಂದೆ ಇದ್ದ ಎಂಬುದು.